ಶನಿವಾರದ ಊಟಕ್ಕೆ ಮೂವರು ಸ್ನೇಹಿತರು ಬೇಕಾಗಿದ್ದಾರೆ

ಇವರಿಗೆ,
ಶ್ರೀ ರತ್ನಾಕರ ಅವರು,
ಮಾಲೀಕರು, ಪಂಚಗಂಗಾವಳಿ ರಾಮೆನ್ ಹೌಸ್,
ಹೆದ್ದಾರಿ ಪಕ್ಕ, ಕುಂದಾಪುರ.

ಮಾನ್ಯರೇ,

ಮೊದಲಿಗೆ, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಇರಲಿ. ಇಪ್ಪತ್ತೆರಡು ವರ್ಷ ಮುಂಬೈಯ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತು, ಊರಿಗೆ ಮರಳಿದ ಮೇಲೆ ಎಲ್ಲರಂತೆ ಗೋಳಿಬಜೆ ಕರಿಯದೆ ರಾಮೆನ್ ಎಂಬ ಜಪಾನಿ ನೂಡಲ್ಸ್ ಸಾರು ಬಡಿಸುವ ಧೈರ್ಯ ಮಾಡಿದ ತಮ್ಮಂಥವರ ಸಮಯವನ್ನು ಫಸ್ಟ್ ಇಯರ್ ಬಿ.ಎಸ್ಸಿ. ಹುಡುಗಿಯೊಬ್ಬಳು ಹಾಳು ಮಾಡಬಾರದು ಎಂಬುದು ನನಗೂ ಗೊತ್ತು. ನಾನು ಈವರೆಗೆ ಕನ್ನಡದಲ್ಲಿ ಬರೆದ ಪತ್ರಗಳೆಲ್ಲ ಪರೀಕ್ಷೆಯಲ್ಲಿ ಐದು ಅಂಕಕ್ಕಾಗಿ ಬರೆದವು, ಆದ್ದರಿಂದ ತಪ್ಪು ಕಂಡಲ್ಲಿ ಅಂಕ ಕಳೆಯಿರಿ, ಪತ್ರವನ್ನು ಮಾತ್ರ ಎಸೆಯಬೇಡಿ. ಇದು ಬಹಿರಂಗ ಪತ್ರ ಯಾಕೆ ಎಂದು ತಾವು ಕೇಳಬಹುದು. ತಮ್ಮ ಅಂಗಡಿಯ ಫೀಡ್‌ಬ್ಯಾಕ್ ಪೆಟ್ಟಿಗೆ ನಿಜವಾಗಿ ಒಂದು ಚಕ್ಕುಲಿ ಭರಣಿ, ಅದೂ ಗಾಜಿನದು, ಅದೂ ಬಾಗಿಲಲ್ಲೇ ಇಟ್ಟದ್ದು. ಅದಕ್ಕೆ ಹಾಕಿದ ಯಾವ ಪತ್ರವೂ ಖಾಸಗಿಯಾಗಿ ಉಳಿದ ಉದಾಹರಣೆ ಇಲ್ಲ.

ತಮ್ಮ ಅಂಗಡಿಯ ಬಗ್ಗೆ ನನಗಿರುವ ಗೌರವವನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಯ ಉದ್ದಕ್ಕೂ ಒಬ್ಬೊಬ್ಬರೇ ಕೂರುವ ಆರು ಬೂತ್, ಪ್ರತಿ ಬೂತ್‌ಗೆ ಎಡಬಲ ಹಲಗೆ, ಎದುರಿಗೆ ಬಿದಿರಿನ ಪುಟ್ಟ ಪರದೆ, ಪರದೆಯ ಆಚೆ ಅಡುಗೆಮನೆ, ಮೇಲೆ 'ಒಬ್ಬರಿಗೆ ಒಂದೇ ಬೌಲ್, ಮಾತು ಬೇಡ' ಎಂಬ ಬೋರ್ಡು. ಪರದೆ ಮೇಲೇಳುತ್ತದೆ, ಎರಡು ಕೈ ಬರುತ್ತವೆ, ಬೌಲ್ ಇಡುತ್ತವೆ, ಪರದೆ ಇಳಿಯುತ್ತದೆ: ಹೀಗೆ ಆಗಬೇಕೆಂದು ತಾವು ಯೋಜಿಸಿದ್ದೀರಿ. ಯಾರು ತಿಂದರು, ಯಾರು ಬಡಿಸಿದರು ಎಂದು ಇಬ್ಬರಿಗೂ ತಿಳಿಯದ ಈ ವ್ಯವಸ್ಥೆಯನ್ನು ಮೊದಲ ದಿನ ಕಂಡಾಗ ನನಗೆ ಅಳು ಬರುವಷ್ಟು ಸಂತೋಷವಾಯಿತು.

ಕಾರಣ ಇಷ್ಟೇ. ಅಪ್ಪ ಅಮ್ಮನ ಹೋಟೆಲು ಪುಣೆಯಲ್ಲಿ, ನಾನು ಓದಿದ್ದು ಹಾಸ್ಟೆಲ್ ಶಾಲೆಯಲ್ಲಿ. ಅಲ್ಲಿ ಏಳು ವರ್ಷ ನನ್ನ ಊಟದ ಜಾಗ ಮೂವತ್ತೇಳನೆಯ ಸೀಟು. ಬೆಲ್ ಆದರೆ ಕೂರುವುದು, ಬೆಲ್ ಆದರೆ ಏಳುವುದು. 'ಇಲ್ಲಿ ಕೂತುಕೊಳ್ಳಲಾ?' ಎಂದು ಕೇಳುವ ವಿದ್ಯೆ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಈಗ ಸೇರಿರುವ ಕುಂದಾಪುರದ ಕಾಲೇಜಿನ ಕ್ಯಾಂಟೀನಿನಲ್ಲಿ ಸೀಟಿಗೆ ನಂಬರ್ ಇಲ್ಲ. ಜೂನ್ ತಿಂಗಳಿಡೀ ನಾನು ತಟ್ಟೆ ಹಿಡಿದು, ಯಾರನ್ನೋ ಹುಡುಕುತ್ತಿರುವವಳ ಮುಖ ಮಾಡಿಕೊಂಡು, ನಿಂತೇ ಉಂಡೆ. ಜುಲೈಯಲ್ಲಿ ತಮ್ಮ ನಾಲ್ಕನೆಯ ಬೂತ್ ಸಿಕ್ಕಿತು.

ಈಗ ದೂರಿಗೆ ಬರುತ್ತೇನೆ. ತಮ್ಮ ಅಡುಗೆಯವರಾದ ಪಾಂಡಣ್ಣನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಅಂಜಲ್ ಮೀನಿನ ಮೂಳೆ ಕುದಿಸಿದ ಆ ಸಾರು, ಅರ್ಧ ಬೆಂದ ಆ ಮೊಟ್ಟೆ, ಯಾರೂ ಕೇಳದಿದ್ದರೂ ಮೇಲಿಂದ ಬೀಳುವ ಬೆಳ್ಳುಳ್ಳಿ ಒಗ್ಗರಣೆ, ಎಲ್ಲವೂ ಜಪಾನಿನವರು ಬಂದು ಕಲಿಯಬೇಕಾದ್ದೇ. ಆದರೆ ಆತ ಪರದೆಯನ್ನು ಬೌಲ್ ಹೋಗುವಷ್ಟು ಎತ್ತುವುದಿಲ್ಲ. ತನ್ನ ತಲೆ, ಹೆಗಲು ಮತ್ತು ಸೌಟು ಹೋಗುವಷ್ಟು ಎತ್ತುತ್ತಾನೆ. ಮೊದಲನೆಯ ದಿನವೇ, ಬೌಲನ್ನು ತನ್ನ ಕಡೆಯೇ ಹಿಡಿದುಕೊಂಡು, "ಹ್ವಾಯ್, ಮನಿ ಎಲ್ಲಾಯ್ತ್?" ಎಂದ. ಇಲ್ಲೇ ಕಾಲೇಜು ಹಾಸ್ಟೆಲ್ ಎಂದೆ. "ಹಾಸ್ಟೆಲ್ ಯಾರ ಮನಿಯೂ ಅಲ್ಲ ಮಾರಾಯ್ತಿ, ಮನಿ ಕೇಂಡದ್ದ್" ಎಂದ. ಹಂಗಾರಕಟ್ಟೆ ಎಂದೆ. ಹಂಗಾರಕಟ್ಟೆಯಲ್ಲಿ ಎಲ್ಲಿ, ದೋಣಿ ಕಟ್ಟುವಲ್ಲಿಂದ ಈಚೆಯೋ ಆಚೆಯೋ, ಯಾರ ಮಗಳು, ಅಮ್ಮನ ಕಡೆ ಯಾರು ಎಂದು ವಿಚಾರಣೆ ಮುಂದುವರಿದು, ನಾನು ಒಣಮೀನು ಮಾರುವ ಗುಲಾಬಿಯಮ್ಮನ ಮೊಮ್ಮಗಳು ಎಂಬ ತೀರ್ಪು ಬರುವಷ್ಟರಲ್ಲಿ ನನ್ನ ನೂಡಲ್ಸ್ ನೀರು ಕುಡಿದು ಹಗ್ಗದ ಗಾತ್ರವಾಗಿತ್ತು. ಪಾಸ್‌ಪೋರ್ಟ್ ಕೊಡುವವರೂ ಇಷ್ಟು ಚೆನ್ನಾಗಿ ವೆರಿಫೈ ಮಾಡುವುದಿಲ್ಲ.

ಆತನ ಎರಡನೆಯ ಚಿಂತೆ ನನ್ನ ಮೌನ. ಸೊರ್ ಎಂದು ಸದ್ದು ಮಾಡಿ ಎಳೆಯುವುದೇ ಇಲ್ಲಿನ ಮರ್ಯಾದೆ ಎಂದು ತಮ್ಮ ಮೆನು ಹೇಳುತ್ತದೆ. ಸದ್ದು ಮಾಡಿದರೆ ಊಟ ಬಿಡಿಸಿ ನಿಲ್ಲಿಸುತ್ತಿದ್ದ ಶಾಲೆಯಿಂದ ಬಂದ ನನಗೆ ಅದು ಆಗಲಿಲ್ಲ. ಸಾರು ರುಚಿಯಾಗಿಲ್ಲವೆಂದು ಬಗೆದ ಪಾಂಡಣ್ಣ, "ಗಂಜಿ ತೆಳಿ ಕುಡ್ದಂಗೆ ಎಳಿ ಹೆಣೆ, ನಾಚ್ಕಿ ಎಂತಕೆ?" ಎನ್ನುತ್ತ ಪರದೆಯ ಸಂದಿಯಿಂದ ತಾನೇ ಸೊರ್ ಎಂದು ಡೆಮೊ ಕೊಟ್ಟ. ಪ್ರೈವೆಸಿ ಎಂಬ ಪದಾರ್ಥ ತಮ್ಮ ಮೆನುವಿನಲ್ಲಿ ಇದೆಯೇ ಅಥವಾ ಸ್ಟಾಕ್ ಮುಗಿದಿದೆಯೇ ಎಂದು ವಿನಯದಿಂದ ಕೇಳಬಯಸುತ್ತೇನೆ.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಕಳೆದ ಸೋಮವಾರ ಪಾಂಡಣ್ಣ ಹಂಗಾರಕಟ್ಟೆಯಲ್ಲಿರುವ ತನ್ನ ದೊಡ್ಡಮ್ಮನಿಗೆ ಫೋನ್ ಮಾಡಿದ. ಆ ದೊಡ್ಡಮ್ಮ ನನ್ನ ಅಜ್ಜಿಯ ಪಕ್ಕದಲ್ಲೇ ಮೀನು ಒಣಗಿಸುವವರು. ಸಂಜೆಯೊಳಗೆ ಅಜ್ಜಿಯ ಫೋನ್: "ನೀ ಒಬ್ಳೇ ಗೂಡಂಗ್ ಕೂಕಂಡ್, ಗ್ವಾಡಿ ಕಾಂತಾ ಉಂಬುದಂಬ್ರಲೆ, ಹೌದಾ?"

ಮಾನ್ಯರೇ, ಒಬ್ಬಳೇ ಗೂಡಿನಲ್ಲಿ ಗೋಡೆ ನೋಡುತ್ತ ಉಣ್ಣುವುದು ನಿಜವೇ ಎಂಬ ಈ ಪ್ರಶ್ನೆಯ ಭಾರ ತಮಗೆ ಅರ್ಥವಾಗಬೇಕಾದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನನ್ನನ್ನು ಪುಣೆಯಲ್ಲೇ ಇನ್ನೊಂದು ಹಾಸ್ಟೆಲಿಗೆ ಹಾಕುವುದೆಂದು ಅಪ್ಪ ನಿರ್ಧರಿಸಿದ್ದಾಗ, "ಅದಕ್ಕೆ ಪುಸ್ತಕ ಸಾಕ್, ಜನ ಬೇಕ್, ಇಲ್ಲಿಗೆ ಕಳ್ಸ್" ಎಂದು ಮೂರು ತಿಂಗಳು ಜಗಳ ಮಾಡಿ ಗೆದ್ದವರು ಅಜ್ಜಿ. ಆ ಗೆಲುವಿಗಾಗಿ ನಾನು ಪ್ರತಿದಿನ ಫೋನಿನಲ್ಲಿ ಮೂವರು ಸ್ನೇಹಿತರ ಜೊತೆ ಊಟ ಮಾಡುತ್ತಿದ್ದೆ. ಚಂದನಾ, ಸೌಜನ್ಯ, ವಿಶಾಲ್. ಅಟೆಂಡೆನ್ಸ್ ಕರೆಯುವಾಗ ನನ್ನ ಹೆಸರಿನ ಹಿಂದೆ ಮುಂದೆ ಬರುವ ಹೆಸರುಗಳು ಅವು. ನನಗೆ ಚೆನ್ನಾಗಿ ಬಾಯಿಪಾಠ ಇದ್ದದ್ದೂ ಅವೇ. ಅಜ್ಜಿ ಅವರನ್ನು ಬಹಳ ಹಚ್ಚಿಕೊಂಡುಬಿಟ್ಟರು. ವಿಶಾಲನ ಅಮ್ಮನಿಗೆ ಮಂಡಿನೋವು ಎಂದು ಒಂದು ದಿನ ಮಾತಿಗೆ ಹೇಳಿದ್ದಕ್ಕೆ ವಾರಕ್ಕೆರಡು ಸಲ ವಿಚಾರಿಸುತ್ತಾರೆ. ಆ ಮಂಡಿಯನ್ನು ನಾನು ಈಗ ಆಪರೇಷನ್ ಹಂತಕ್ಕೆ ತಂದು ನಿಲ್ಲಿಸಿದ್ದೇನೆ.

ಆದ್ದರಿಂದ ಗಾಬರಿಯಲ್ಲಿ ಹೇಳಿದೆ: ಅವರು ಮೂವರೂ ಅಲ್ಲೇ ಇರುತ್ತಾರೆ ಅಜ್ಜಿ, ಪಕ್ಕಪಕ್ಕದ ಬೂತ್‌ಗಳಲ್ಲಿ, ಹಲಗೆ ಇರುವುದರಿಂದ ಪಾಂಡಣ್ಣನಿಗೆ ನಾವು ಒಂದೇ ಗುಂಪು ಎಂದು ಗೊತ್ತಾಗಿಲ್ಲ. ಅಜ್ಜಿ, "ಹಂಗಾರೆ ಶನಿವಾರ ನಾನೇ ಬತ್ತೆ. ಮೂರೂ ಮಕ್ಕಳಿಗೆ ಒಣ ಸಿಗಡಿ ಚಟ್ನಿ ತತ್ತೆ, ಒಂದ್ ಸಲ ಕಂಡ್ಕಂಡ್ ಹೋತೆ" ಎಂದರು.

ಹೀಗಾಗಿ ತಮ್ಮ ಸಂಸ್ಥೆಯ ಸೇವಾ ಲೋಪದಿಂದ ಉಂಟಾದ ಈ ಪರಿಸ್ಥಿತಿಯಲ್ಲಿ, ಶನಿವಾರ ಮಧ್ಯಾಹ್ನ ಹನ್ನೆರಡೂ ಮುಕ್ಕಾಲರಿಂದ ಒಂದೂವರೆಯವರೆಗೆ, ಮೂರು, ಐದು ಮತ್ತು ಆರನೆಯ ಬೂತ್‌ಗಳಲ್ಲಿ ತಲಾ ಒಬ್ಬರಂತೆ ಮೂವರು ಸ್ನೇಹಿತರನ್ನು ಒದಗಿಸಿಕೊಡಬೇಕಾಗಿ ಕೋರುತ್ತೇನೆ. ಮುಖ ಹೇಗಿದ್ದರೂ ನಡೆಯುತ್ತದೆ. ಅಜ್ಜಿ ಹೆಸರು ಕರೆದಾಗ "ಹ್ಞಾಂ ಅಜ್ಜಿ" ಎನ್ನಬೇಕು, ಹಲಗೆಯ ಮೇಲಿಂದ ಬಂದ ಚಟ್ನಿಯನ್ನು ಸಂತೋಷದಿಂದ ಸ್ವೀಕರಿಸಬೇಕು, ನಡುನಡುವೆ ನನ್ನನ್ನು ಹೆಸರು ಹಿಡಿದು ಕರೆದು ನಗಬೇಕು. ವಿಶಾಲ್ ಆಗುವವರು ಮಂಡಿಯ ವಿಷಯ ಓದಿಕೊಂಡು ಬರಬೇಕು. ಹಲಗೆಗಳು ಈಗ ನಾಲ್ಕಡಿ ಇವೆ; ಅಲುಗಾಡುವ ದೋಣಿಗೆ ಬುಟ್ಟಿ ಸಮೇತ ಹತ್ತುವ ಅಜ್ಜಿಗೆ ಅವು ಲೆಕ್ಕಕ್ಕಿಲ್ಲ, ದಯವಿಟ್ಟು ಆರಡಿ ಮಾಡಿಸಿ. ಪಾಂಡಣ್ಣನನ್ನು ಆ ಹೊತ್ತಿಗೆ ಬೈಂದೂರು ರೈಲ್ವೆ ಸ್ಟೇಷನ್ನಿಗೆ, ಬರಲಿರುವ ಅಥವಾ ಬಾರದಿರುವ ಯಾವುದಾದರೂ ಪಾರ್ಸೆಲ್ ತರಲು ಕಳಿಸಿ.

ನಿಜವಾದ ಆ ಮೂವರನ್ನೇ ಕೇಳಬಹುದಲ್ಲ ಎಂದು ತಾವು ಹೇಳಬಹುದು. ಪ್ರಯತ್ನಿಸಿದೆ. ಮಂಗಳವಾರ ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ಚಂದನಾಳ ಹಿಂದೆಯೇ ನಿಂತಿದ್ದೆ. ಅವಳು ತಿರುಗಿ ನೋಡಿ ನಕ್ಕಳು. ನಾನು ಟೈಮ್ ಎಷ್ಟು ಎಂದು ಕೇಳಿದೆ. ನನ್ನ ಕೈಯಲ್ಲಿ ವಾಚ್ ಇತ್ತು, ಅದು ಅವಳಿಗೂ ಕಾಣುತ್ತಿತ್ತು. ಆದರೂ ಪಾಪ, ಹೇಳಿದಳು.

ನನಗೆ ಬೈಗುಳ ಬಿದ್ದರೆ ಚಿಂತೆಯಿಲ್ಲ. ಆದರೆ ಆರು ಬೂತ್‌ಗಳ ಮುಂದೆ ಚಟ್ನಿ ಡಬ್ಬ ಹಿಡಿದು ನಿಂತು, ನನ್ನನ್ನು ಇಲ್ಲಿಗೆ ಕರೆಸಿದ್ದೇ ತಪ್ಪಾಯಿತೇನೋ ಎಂದು ಅಜ್ಜಿ ಅಂದುಕೊಳ್ಳಬಾರದು. ಅವರು ತಪ್ಪು ಮಾಡಿಲ್ಲ. ನನಗೆ ಸ್ವಲ್ಪ ಟೈಮ್ ಬೇಕು, ಅಷ್ಟೇ.

ತಮ್ಮ ವಿಶ್ವಾಸಿ, ನಾಲ್ಕನೆಯ ಬೂತಿನ
ಸೌಮ್ಯಶ್ರೀ

ತಾ.ಕ.: ಶನಿವಾರಕ್ಕೆ ಇಬ್ಬರೇ ಸಿಕ್ಕರೆ ಪಾಂಡಣ್ಣನ ಬೈಂದೂರು ಪ್ರಯಾಣ ರದ್ದು ಮಾಡಿ ಐದನೆಯ ಬೂತ್‌ನಲ್ಲಿ ಆತನನ್ನೇ ಕೂರಿಸಿಬಿಡಿ. ನಿನ್ನೆ ಜ್ವರವೆಂದು ನಾನು ಬಾರದಿದ್ದಾಗ, ನಾನು ಬಂದಿಲ್ಲ ಎಂಬುದನ್ನು ಈ ಊರಿನಲ್ಲಿ ಗಮನಿಸಿದ್ದು ಆತ ಒಬ್ಬನೇ. ಹಾಸ್ಟೆಲ್ ಗೇಟಿನವರೆಗೆ ತಾನೇ ಸಾರು ಹೊತ್ತು ತಂದು, ವಾಚ್‌ಮನ್‌ಗೆ ನನ್ನ ಮೂರು ತಲೆಮಾರಿನ ಇತಿಹಾಸ ಹೇಳಿ ಹೋಗಿದ್ದಾನೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಆ ದೂರನ್ನು ಬೇರೆಯೇ ಪತ್ರದಲ್ಲಿ ಬರೆಯುತ್ತೇನೆ. ಇಂದು ಗುರುವಾರ. ದಯವಿಟ್ಟು ನಾಳೆ ಸಂಜೆಯೊಳಗೆ ಉತ್ತರ ಕೊಡಿ.