ಸಾಲಿನಲ್ಲಿ ನಿಂತ ರಜೆ

ಗುಮಾಸ್ತರು ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ಆ ಭಾನುವಾರ ಸುಮ್ಮನೆ ಮುಗಿದುಹೋಗುತ್ತಿತ್ತು. ಆದರೆ ಥೀಮ್ ಪಾರ್ಕಿನ ಟಿಕೆಟ್ ಕಿಟಕಿಯ ಮೇಲಿದ್ದ ದರದ ಫಲಕವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ಓದಿದ ಮೇಲೆ ಅವರ ಬಾಯಿ ಅವರ ಹಿಡಿತದಲ್ಲಿ ಉಳಿಯಲಿಲ್ಲ.

"ಇದಕ್ಕಿಂತ ಕೆರೆ ದಂಡೆ ಗೆಸ್ಟ್‌ಹೌಸೇ ಎಷ್ಟೋ ವಾಸಿ. ಕಾಲು ಚಾಚ್ಕೊಂಡು ಮಲಗ್ಬಹುದಿತ್ತು," ಅಂದುಬಿಟ್ಟರು.

"ಮಲಗೋದಕ್ಕೆ ಅಷ್ಟು ದೂರ ಯಾಕ್ರೀ?" ಎಂದಳು ಹೆಂಡತಿ. "ಮನೇಲೂ ಅದೇ ತಾನೇ ಮಾಡೋದು?"

ಗುಮಾಸ್ತರು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ನಿಲ್ದಾಣದಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕು ಎಂದು ಹತ್ತೊಂಬತ್ತು ವರ್ಷದಿಂದ ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡು ಅಳೆಯುತ್ತ ಬಂದಿದ್ದರು. ಭಾನುವಾರವೂ ಅದು ಕೊರಳಲ್ಲೇ ಇರುತ್ತಿತ್ತು. ಮಗ ಹಲ್ಲುಜ್ಜಲು ಎಷ್ಟು ಹೊತ್ತು ತೆಗೆದುಕೊಂಡ ಎಂಬುದು ಕೂಡ ಅವರ ಮನೆಯಲ್ಲಿ ದಾಖಲಾಗುವ ವಿಷಯ. ಇಂಥವರಿಗೆ ವರ್ಷದಲ್ಲಿ ಒಟ್ಟಿಗೆ ಸಿಗುವ ರಜೆ ನಾಲ್ಕೇ ದಿನ, ಅದೂ ಮುಂದಿನ ತಿಂಗಳು. ಆ ನಾಲ್ಕು ದಿನ ಕೆರೆ ದಂಡೆಯ ಗೆಸ್ಟ್‌ಹೌಸಿನ ಜಗಲಿಯಲ್ಲಿ ಸ್ಟಾಪ್‌ವಾಚು ಬಿಚ್ಚಿಟ್ಟು, ನೀರು ನೋಡುತ್ತ, ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುವುದೇ ಅವರ ಪಾಲಿನ ಸ್ವರ್ಗ. ಈ ವರ್ಷ ಮಾತ್ರ ಮಕ್ಕಳು ಪಾರ್ಕಿನವರ ನಾಲ್ಕು ದಿನದ ಪ್ಯಾಕೇಜಿನ ಮೇಲೆ ಕಣ್ಣಿಟ್ಟಿದ್ದರು. ಒಂದು ದಿನ ಹೋಗಿ ನೋಡಿ ಬರೋಣ, ಆಮೇಲೆ ತೀರ್ಮಾನ ಮಾಡೋಣ ಎಂದು ಹೆಂಡತಿ ಎಲ್ಲರನ್ನೂ ಹೊರಡಿಸಿದ್ದಳು.

ಜೊತೆಗೆ ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರೂ ಬಂದಿದ್ದರು. ಐದು ಟಿಕೆಟ್ ಕೊಂಡರೆ ಆರನೆಯದು ಉಚಿತ. ಗುಮಾಸ್ತರು, ಹೆಂಡತಿ, ಅತ್ತೆ, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ ಸೇರಿ ಐದು ಜನ. ಆರನೆಯದನ್ನು ಹಾಳುಮಾಡುವುದು ಗುಮಾಸ್ತರ ಜಾಯಮಾನಕ್ಕೆ ಒಗ್ಗದ ಕೆಲಸ. ಮೇಷ್ಟ್ರು ಬಿಟ್ಟಿ ಟಿಕೆಟ್ಟಿನಲ್ಲಿ ಬಂದವರಾದ್ದರಿಂದ ಅವರ ಬಳಿ ಅಭಿಪ್ರಾಯಗಳು ಧಾರಾಳವಾಗಿದ್ದವು.

"ಬಾಯಲ್ಲಿ ಯಾಕೆ ಜಗಳ? ಅಳೆದುಬಿಡೋಣ," ಅಂದರು ಮೇಷ್ಟ್ರು. "ಮಕ್ಕಳು ಆಟದಲ್ಲಿ ಕೂತ ನಿಮಿಷ ಎಷ್ಟು, ಅದಕ್ಕೋಸ್ಕರ ಸಾಲಲ್ಲಿ ಕಾದ ನಿಮಿಷ ಎಷ್ಟು, ಎಲ್ಲಾ ನಾನು ಬರ್ಕೊಳ್ತೀನಿ. ಒಂದು ನಿಮಿಷದ ಖುಷಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯ್ಬೇಕಾದ್ರೆ ಕೆರೆ. ಇಲ್ಲಾಂದ್ರೆ ಪಾರ್ಕು. ಏನಂತೀರಿ?"

"ಒಪ್ಪಿದೆ," ಅಂದರು ಗುಮಾಸ್ತರು. ಗೇಟಿನ ಆಚೆಗಿನ ಜನಜಂಗುಳಿ ನೋಡಿಯೇ ಅವರಿಗೆ ಅರ್ಧ ಗೆದ್ದ ಹಾಗಾಗಿತ್ತು.

"ನಾನೂ ಒಪ್ಪಿದೆ," ಎಂದಳು ಹೆಂಡತಿ.

"ಆಮೇಲೆ ಮಾತು ಬದಲಾಯಿಸೋ ಹಾಗಿಲ್ಲ, ಅಳಿಯಂದ್ರೇ," ಅಂದರು ಅತ್ತೆ.

ಒಳಗೆ ಹೋದದ್ದೇ ತಡ, ಅತ್ತೆ ಮತ್ತು ಹೆಂಡತಿ ಹುಲ್ಲುಹಾಸಿನ ಮೂಲೆಯಲ್ಲಿ ಒಂದು ಮರ ಹಿಡಿದು, ಚಪ್ಪಲಿ ಬಿಟ್ಟು ಕೂತುಬಿಟ್ಟರು. "ಮಕ್ಕಳನ್ನ ನೀವೇ ನೋಡ್ಕೊಳ್ಳಿ" ಎಂಬ ಅಪ್ಪಣೆಯಾಯಿತು. ಗುಮಾಸ್ತರು ಮಕ್ಕಳನ್ನೂ ಮೇಷ್ಟ್ರನ್ನೂ ಕರೆದುಕೊಂಡು ನೀರಿನ ದೋಣಿಯ ಸಾಲಿಗೆ ನಡೆದರು. ದೋಣಿ ನಿಧಾನಕ್ಕೆ ಗೋಪುರ ಹತ್ತಿ, ಅಲ್ಲಿಂದ ಧೊಪ್ಪೆಂದು ಕೆಳಗಿನ ಕೊಳಕ್ಕೆ ಬೀಳುವ ಆಟ ಅದು. ಸಾಲು ಕಬ್ಬಿಣದ ಸರಳುಗಳ ನಡುವೆ ಹೋಗಿ, ಬಂದು, ಮತ್ತೆ ಹೋಗಿ, ಸುತ್ತಿ ಸುತ್ತಿ ಎಲ್ಲಿಗೋ ಮುಟ್ಟಿತ್ತು.

ಕಾದದ್ದು ಅರವತ್ತೆರಡು ನಿಮಿಷ. ಆಟ ಮೂರು ನಿಮಿಷ. ಮಕ್ಕಳು ತೊಪ್ಪೆಯಾಗಿ ಹಲ್ಲು ಕಿರಿಯುತ್ತ ಇಳಿದರು.

"ಒಂದಕ್ಕೆ ಇಪ್ಪತ್ತರ ಮೇಲಾಯ್ತು," ಅಂದರು ಮೇಷ್ಟ್ರು ಪುಸ್ತಕದಿಂದ ತಲೆಯೆತ್ತದೆ.

ಗುಮಾಸ್ತರಿಗೆ ಆಗಲೇ ಕೆರೆಯ ಗಾಳಿ ಮುಖಕ್ಕೆ ತಾಕಿದಂತಾಯಿತು. ಅಲ್ಲಿಗೇ ಕಣ್ಣುಮುಚ್ಚಿ ಒಂದು ಬೆಂಚಿನ ಮೇಲೆ ಕೂತಿದ್ದರೆ ಅವರು ಗೆದ್ದೇ ಗೆಲ್ಲುತ್ತಿದ್ದರು. ಆದರೆ ಆ ಅರವತ್ತೆರಡು ನಿಮಿಷ ಅವರು ಸುಮ್ಮನೆ ನಿಂತಿರಲಿಲ್ಲ, ನೋಡುತ್ತ ನಿಂತಿದ್ದರು. ನೋಡಬಾರದ್ದನ್ನೆಲ್ಲ ನೋಡಿದ್ದರು. ನಾಲ್ಕು ಸೀಟಿನ ದೋಣಿಯಲ್ಲಿ ಮೂರೇ ಜನ ಹೋಗುತ್ತಿದ್ದರು. ಇಳಿಯುವವರೂ ಹತ್ತುವವರೂ ಒಂದೇ ಬದಿಯಲ್ಲಿ ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು. ದೋಣಿಯ ಬಾಯಿಗೆ ಬಂದ ಮೇಲೆ ಜನ ಚಪ್ಪಲಿ, ಚೀಲ, ಕನ್ನಡಕ ಎಲ್ಲಿಡುವುದು ಎಂದು ಹುಡುಕಾಡುತ್ತಿದ್ದರು. ಮಕ್ಕಳು ಎರಡನೇ ಸಲ ಅದೇ ಸಾಲಿಗೆ ಓಡಿದಾಗ ಗುಮಾಸ್ತರ ಕೈ ತುರಿಸತೊಡಗಿತು. ಅವರು ನೇರವಾಗಿ ದೋಣಿ ಬಿಡುವ ದೊಡ್ಡ ಮೀಸೆಯವನ ಹತ್ತಿರ ಹೋದರು.

"ಯಾಕಪ್ಪ, ಆ ಸೀಟು ಖಾಲಿ ಹೋಗ್ತಿದೆಯಲ್ಲ?"

"ಮೂರು ಜನದ ಸಂಸಾರ ಸಾರ್. ಅವ್ರು ಮೂರೇ ಜನ ಹೋಗ್ತಾರೆ."

"ಒಂಟಿಯಾಗಿ ಬಂದವ್ರಿಗೆ ಬೇರೆ ಸಾಲು ಮಾಡು. ಖಾಲಿ ಸೀಟಿಗೆ ಅವ್ರನ್ನ ಕೂರಿಸು. ಇಳಿಯೋರು ಆ ಬದಿ, ಹತ್ತೋರು ಈ ಬದಿ. ಚೀಲ ಇಡೋ ಪೆಟ್ಟಿಗೆ ಇಲ್ಲಿ ಯಾಕಿದೆ? ಸಾಲು ತಿರುಗೋ ಕಡೆ ಇಡು, ನಿಂತಿರುವಾಗ್ಲೇ ಬಿಚ್ಚಿಡ್ತಾರೆ. ಆಮೇಲೆ ನಲವತ್ತು ಸೆಕೆಂಡಿಗೆ ಒಂದು ದೋಣಿ ಬಿಡ್ತಾ ಇರು. ಬಸ್ಸು ಒಂದೇ ಕಡೆ ಕಾಯ್ತಾ ನಿಂತ್ರೆ ಹಿಂದಿನ ನಿಲ್ದಾಣದೋರ ಗತಿ ಏನಾಗ್ಬೇಕು?"

ಮೀಸೆಯವನು ಗುಮಾಸ್ತರ ಕೊರಳಲ್ಲಿದ್ದ ಸ್ಟಾಪ್‌ವಾಚು ನೋಡಿದ. ಕಿವಿಯ ಮೇಲಿದ್ದ ಪೆನ್ಸಿಲ್ ನೋಡಿದ. ಹಿಂದೆ ಪುಸ್ತಕ ಹಿಡಿದು ಗಂಭೀರವಾಗಿ ನಿಂತಿದ್ದ ಮೇಷ್ಟ್ರನ್ನು ನೋಡಿದ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

"ಹೆಡ್ಡಾಫೀಸಿಂದ ಬಂದಿದೀರಾ ಸಾರ್? ಮೊದ್ಲೇ ಹೇಳ್ಬಾರ್ದಾ?"

ಗುಮಾಸ್ತರಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಅವರು ಆಗಲೇ ಪೆಟ್ಟಿಗೆಗಳನ್ನು ಎಳೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಸಾಲು ಸರಸರನೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಡಿಪೋದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಅವರ ವೇಳಾಪಟ್ಟಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಬಸ್ಸು ತಡವಾದಾಗ ಬೈದವರೇ ಎಲ್ಲ. ಗುಮಾಸ್ತರ ಎದೆ ಉಬ್ಬಿತು. ಅದೇ ಉಬ್ಬಿದ ಎದೆಯಲ್ಲಿ ಅವರು ಪಕ್ಕದ ತಿರುಗುಬಟ್ಟಲಿನ ಸಾಲಿಗೂ ಹೋದರು, ಅಲ್ಲಿಂದ ಗುದ್ದುಕಾರಿನ ಸಾಲಿಗೂ ಹೋದರು. ದಾರಿಯಲ್ಲಿ ಒಬ್ಬರು ಬಂದು ಬಚ್ಚಲಲ್ಲಿ ನೀರಿಲ್ಲ ಎಂದು ಗದರಿದರು. ಇನ್ನೊಬ್ಬಾಕೆ ಯಾವುದೋ ಮಗುವಿನ ಒಂಟಿ ಚಪ್ಪಲಿ ತಂದು ಕೈಗಿಟ್ಟು, "ವಾರಸುದಾರರಿಗೆ ಕೊಟ್ಬಿಡಿ ಸಾರ್," ಎಂದು ಹೊರಟೇಹೋದಳು. ಗುಮಾಸ್ತರು ಎರಡನ್ನೂ ಬರೆದುಕೊಂಡರು.

ಮಧ್ಯಾಹ್ನ ಊಟದ ಮೇಜಿನಲ್ಲಿ ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇಲ್ಲಿವರೆಗೆ ಕಾದದ್ದು ನೂರ ಹದಿನಾರು, ಖುಷಿ ಇಪ್ಪತ್ತೊಂದು. ಒಂದಕ್ಕೆ ಐದೂವರೆ."

"ಐದೂವರೆ?" ಗುಮಾಸ್ತರ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬೆಳಗ್ಗೆ ಇಪ್ಪತ್ತಿತ್ತಲ್ಲ?"

"ಬೆಳಗ್ಗೆ ಸಾಲುಗಳು ನಿಂತಲ್ಲೇ ನಿಂತಿದ್ವು. ಆಮೇಲೆ ಯಾರೋ ಪುಣ್ಯಾತ್ಮರು ಸರಿಮಾಡಿದಾರೆ," ಅಂದರು ಮೇಷ್ಟ್ರು, ಮುಖದ ಒಂದು ಗೆರೆಯೂ ಅಲುಗದಂತೆ.

"ಅಪ್ಪಂಗೆ ಜೈ!" ಎಂದ ಮಗ.

ಗುಮಾಸ್ತರು ಕೈ ತೊಳೆಯುವುದನ್ನೂ ಮರೆತು ದೋಣಿಯ ಕಡೆ ಓಡಿದರು. ಅಲ್ಲಿ ದೋಣಿಗಳು ನಲವತ್ತು ಸೆಕೆಂಡಿಗೊಮ್ಮೆ ಧೊಪ್, ಧೊಪ್ ಎಂದು ಕ್ರಮಬದ್ಧವಾಗಿ ಬೀಳುತ್ತಿದ್ದವು.

"ನೋಡಪ್ಪ, ಹಳೇ ಪದ್ಧತೀನೇ ಇರ್ಲಿ. ಒಂಟಿಯವ್ರ ಸಾಲು ತೆಗೆದುಬಿಡು."

"ಅದು ತಪ್ಪು ಅಂತ ನೀವೇ ಹೇಳ್ಕೊಟ್ರಲ್ಲ ಸಾರ್," ಎಂದ ಮೀಸೆಯವನು. "ಪರೀಕ್ಷೆ ಮಾಡ್ತಿದೀರಾ ಅಂತ ಗೊತ್ತು. ನಾನು ಬಗ್ಗಲ್ಲ."

"ಯಾರ್ರೀ ಅದು ಸಾಲು ಕೆಡಿಸ್ತಿರೋರು?" ಎಂದು ಮೂರು ಮಕ್ಕಳ ತಾಯಿಯೊಬ್ಬಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಇಡೀ ಸಾಲು ಅತ್ತ ತಿರುಗಿತು. ಗುಮಾಸ್ತರು ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದರು.

ಇನ್ನೊಂದೇ ಉಪಾಯ ಉಳಿದಿತ್ತು. ತಾವು ಕೈಯಿಡದ, ಬೆಟ್ಟದಂತೆ ಅಲುಗದೆ ನಿಂತ ಸಾಲೊಂದನ್ನು ಹುಡುಕಬೇಕು. ದೊಡ್ಡ ಚಕ್ರದ ಹತ್ತಿರ ಅಂಥ ಸಾಲು ಸಿಕ್ಕಿತು. "ಇದ್ರಲ್ಲಿ ಕೂತ್ರೆ ಇಡೀ ಊರು ಕಾಣುತ್ತೆ," ಎಂದು ಮಕ್ಕಳಿಗೆ ಆಸೆ ಹುಟ್ಟಿಸಿ ಕೊನೆಯಲ್ಲಿ ನಿಲ್ಲಿಸಿದರು. ಗಂಟೆಗಟ್ಟಲೆ ಕಾಯಬೇಕು ಎಂದು ಮುಂದಿನವರು ಗೊಣಗಿದಾಗ ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೊದಲ ಐದು ನಿಮಿಷ ಚೆನ್ನಾಗಿಯೇ ಕಳೆಯಿತು. ಆರನೆಯ ನಿಮಿಷಕ್ಕೆ ಎರಡು ತೊಟ್ಟಿಲು ಖಾಲಿ ಮೇಲೆ ಹೋದದ್ದು ಕಣ್ಣಿಗೆ ಬಿತ್ತು. ಗುಮಾಸ್ತರು ಕೈಗಳನ್ನು ಜೇಬಿಗೆ ತುರುಕಿಕೊಂಡರು. ಏಳನೆಯ ನಿಮಿಷಕ್ಕೆ ಇನ್ನೊಂದು ಖಾಲಿ ಹೋಯಿತು. ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನೊಳಗೂ ಖಾಲಿ ತೊಟ್ಟಿಲುಗಳು ಸುತ್ತತೊಡಗಿದವು. ಕೆರೆ, ಜಗಲಿ, ಮಧ್ಯಾಹ್ನದ ನಿದ್ದೆ ಎಂದು ಮೂರು ಸಲ ಜಪಿಸಿದರು.

"ಅಪ್ಪ, ಬೇಡ," ಎಂದಳು ಮಗಳು. ಅವಳಿಗೆ ಅಪ್ಪನ ಸ್ವಭಾವ ಗೊತ್ತಿತ್ತು, ಪಂದ್ಯವೂ ಗೊತ್ತಿತ್ತು. ಅಪ್ಪನನ್ನು ಕಂಡು ಅವಳಿಗೆ ನಿಜವಾಗಿಯೂ ಕನಿಕರವಾಗಿತ್ತು.

ಆದರೆ ಗುಮಾಸ್ತರು ಆಗಲೇ ಸರಳು ದಾಟಿ, "ರೀ ಸ್ವಾಮಿ, ಒಂದೊಂದೇ ಯಾಕೆ ತುಂಬಿಸ್ತೀರಿ? ಎದುರುಬದುರು ಎರಡೆರಡು ತುಂಬ್ಸಿ!" ಎಂದು ಕೂಗುತ್ತ ಹೊರಟಿದ್ದರು.

ಸಂಜೆ ಐದಕ್ಕೆ ಧ್ವನಿವರ್ಧಕ ಮೊಳಗಿತು. "ಕೊರಳಲ್ಲಿ ಸ್ಟಾಪ್‌ವಾಚು ಹಾಕಿರುವ, ಕಿವಿಯ ಮೇಲೆ ಪೆನ್ಸಿಲ್ ಇರುವ ಮಹನೀಯರು ಕೂಡಲೇ ಕಚೇರಿಗೆ ಬರಬೇಕು."

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಾವು ಯಾರಿಗೂ ಹೆಡ್ಡಾಫೀಸಿನವರೆಂದು ಹೇಳಿಕೊಂಡಿರಲಿಲ್ಲ, ನಿಜ. ಆದರೆ ಅಲ್ಲವೆಂದೂ ಹೇಳಿರಲಿಲ್ಲ. ಡಿಪೋಗೆ ದೂರು ಹೋದರೆ ಕೆಲಸದ ಗತಿಯೇನು? ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು, ಮೇಷ್ಟ್ರನ್ನೂ ಮಕ್ಕಳನ್ನೂ ಹಿಂದಿಟ್ಟುಕೊಂಡು ಕಚೇರಿಯ ಬಾಗಿಲು ತಳ್ಳಿದರು.

ಒಳಗೆ ಮ್ಯಾನೇಜರ ಎದುರು ಅತ್ತೆ ಮತ್ತು ಹೆಂಡತಿ ಆರಾಮವಾಗಿ ಕೂತು ಹಣ್ಣಿನ ರಸ ಕುಡಿಯುತ್ತಿದ್ದರು.

"ಬನ್ನಿ ಬನ್ನಿ ಸಾರ್," ಎಂದು ಮ್ಯಾನೇಜರು ಎದ್ದು ನಿಂತರು. "ನಮ್ಮ ಹತ್ತು ವರ್ಷದಲ್ಲಿ ಇವತ್ತಿನಷ್ಟು ಕಡಿಮೆ ದೂರು ಬಂದಿಲ್ಲ. ಯಾರಿದು ಅಂತ ವಿಚಾರಿಸ್ತಾ ಹೋದೆ, ಮರದ ಕೆಳಗೆ ನಿಮ್ಮ ಮನೆಯವ್ರು ಸಿಕ್ರು."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಜೀವ ಬಂದದ್ದೇ ಪಂದ್ಯ ನೆನಪಾಯಿತು.

"ಲೆಕ್ಕ ಮುಗೀತಾ ಮೇಷ್ಟ್ರೇ?"

"ಕಾದದ್ದು ನೂರ ಅರವತ್ತೊಂದು, ಖುಷಿ ಮೂವತ್ತಾರು. ಒಂದಕ್ಕೆ ನಾಲ್ಕೂವರೆ."

"ಅದು ಮಕ್ಕಳ ಲೆಕ್ಕ," ಎಂದು ಗುಮಾಸ್ತರು ಕೊನೆಯ ಹುಲ್ಲುಕಡ್ಡಿ ಹಿಡಿದರು. "ಇವ್ರಿಬ್ರೂ ಒಂದು ಆಟಾನೂ ಹತ್ತಿಲ್ಲ. ಇವ್ರ ಖುಷಿ ಸೊನ್ನೆ. ಅದನ್ನೂ ಸೇರಿಸ್ಬೇಕು!"

"ಸೊನ್ನೆನಾ?" ಎಂದಳು ಹೆಂಡತಿ. "ಬೆಳಗ್ಗೆಯಿಂದ ಒಂದು ಲೋಟ ತೊಳೆದಿಲ್ಲ ನಾನು. ಎರಡು ಗಂಟೆ ನಿದ್ದೆ ಮಾಡಿದೆ. ಹೋದ ವರ್ಷ ಕೆರೆ ದಂಡೇಲಿ ನೀವು ನಾಲ್ಕು ದಿನ ನೀರು ನೋಡಿದ್ರಿ. ನಾನು ಆ ಒಂದೇ ಒಲೇಲಿ ಹನ್ನೊಂದು ಊಟ ಬೇಯಿಸ್ದೆ. ಆ ಕೆರೆ ಯಾವ ಬಣ್ಣ ಇದೆ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ ಕಣ್ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಗುಮಾಸ್ತರಿಗೆ ನಾಚಿಕೆಯಾಯಿತು. ಊರಿನ ಬಸ್ಸುಗಳ ನಿಮಿಷ ನಿಮಿಷ ಲೆಕ್ಕ ಇಟ್ಟವರು ಈ ಹನ್ನೊಂದು ಊಟಗಳನ್ನು ಯಾವತ್ತೂ ಎಣಿಸಿರಲಿಲ್ಲ.

"ಸೋತೆ," ಅಂದರು. "ಪಾರ್ಕಿಗೇ ಬರೋಣ."

"ಅದನ್ನೇ ಮಾತಾಡ್ತಿದ್ವಿ," ಅಂದರು ಮ್ಯಾನೇಜರು ಉತ್ಸಾಹದಿಂದ. "ಮುಂದಿನ ತಿಂಗಳು ಶಾಲೆ ರಜೆ, ಜನ ಕಿಕ್ಕಿರಿದಿರ್ತಾರೆ. ನಿಮ್ಮ ನಾಲ್ಕು ದಿನದ ರಜೇಲಿ ಬಂದು ನಮ್ಮ ಹನ್ನೆರಡೂ ಸಾಲು ಸರಿಮಾಡಿಕೊಡಿ. ಬದಲಿಗೆ ನಿಮ್ಮ ಮನೆಯವ್ರಿಗೆ ಎಲ್ಲಿ ಬೇಕೋ ಅಲ್ಲಿ ನಾಲ್ಕು ದಿನ ವಾಸ, ಊಟ, ಎಲ್ಲಾ ನಮ್ಮ ಖರ್ಚು. ಅಮ್ಮಾವ್ರು ಒಪ್ಪಿ ಜಾಗಾನೂ ಹೇಳಿಬಿಟ್ಟಿದಾರೆ."

"ನಾವು ಅಪ್ಪನ ಜೊತೆ ಇಲ್ಲೇ ಇರ್ತೀವಿ!" ಎಂದು ಮಕ್ಕಳು ಕುಣಿದರು.

"ಬಾಗಿಲಿಗೆ 'ಮುಖ್ಯ ವೇಳಾಧಿಕಾರಿ' ಅಂತ ಫಲಕ ಹಾಕಿಸ್ತೀನಿ ಸಾರ್," ಅಂದರು ಮ್ಯಾನೇಜರು.

ಡಿಪೋದಲ್ಲಿ ಅವರನ್ನು ಯಾರೂ ಅಧಿಕಾರಿ ಎಂದಿರಲಿಲ್ಲ. ಗುಮಾಸ್ತರು ಎಷ್ಟು ಬೇಡವೆಂದರೂ ಅವರ ಮುಖ ಅರಳಿಬಿಟ್ಟಿತು.

"ಗೇಟು ಎಷ್ಟು ಹೊತ್ತಿಗೆ ತೆಗೀತೀರಿ?"

"ಒಂಬತ್ತಕ್ಕೆ."

"ಹಾಗಾದ್ರೆ ಎಂಟೂ ಕಾಲಿಗೆಲ್ಲ ಬಂದಿರ್ತೀನಿ," ಎಂದು ಮಾತು ಕೊಟ್ಟೂ ಬಿಟ್ಟರು. ಕೊಟ್ಟ ಮೇಲೆ ಏನೋ ಹೊಳೆದು ಹೆಂಡತಿಯ ಕಡೆ ತಿರುಗಿದರು. "ಅಲ್ಲ ಕಣೇ, ನೀನೂ ಅತ್ತೆಯೂ ಹೋಗೋದು ಎಲ್ಲಿಗೆ?"

ಹೆಂಡತಿ ರಸದ ಲೋಟ ಮೇಜಿನ ಮೇಲಿಟ್ಟು, ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ಗಂಡನ ವಾದವನ್ನು ಪೂರ್ತಿಯಾಗಿ ಒಪ್ಪಿಕೊಂಡಳು.

"ನೀವು ಹೇಳಿದ್ದೇ ಸರಿ ಕಣ್ರೀ. ಪಾರ್ಕಿಗಿಂತ ಕೆರೆ ದಂಡೆನೇ ಎಷ್ಟೋ ವಾಸಿ. ಅಡುಗೆಯವ್ರ ಸಮೇತ ಹೇಳಿದೀನಿ."