ಚಾಳೀಸಪ್ಪನ ಕಡಲು

ಭಾನುವಾರ ಬೆಳಿಗ್ಗೆ ಅತ್ತೆಯವರು ಕಾಫಿ ಲೋಟ ಕೆಳಗಿಟ್ಟು, "ಅಳಿಯಂದಿರೇ, ರಾತ್ರಿಯಿಂದ ಯಾರೋ ನನ್ನ ಗೋಡೆ ತಟ್ತಾ ಇದಾರೆ" ಅಂದಾಗ ಚಾಳೀಸಪ್ಪ ತನ್ನ ಪಾಡಿಗೆ ತಾನು ಸಮುದ್ರ ನೋಡುತ್ತ ಕೂತಿದ್ದ.

ಸಮುದ್ರವೆಂದರೆ ನಡುಮನೆಯಲ್ಲಿ, ಅತ್ತೆಯ ಕೋಣೆಯ ಗೋಡೆಗೆ ಒತ್ತಿಕೊಂಡು ನಿಂತಿದ್ದ ಎರಡೂವರೆ ಅಡಿಯ ಗಾಜಿನ ತೊಟ್ಟಿ. ಕನ್ನಡಕದಂಗಡಿ ಇಟ್ಟುಕೊಂಡಿದ್ದರಿಂದ ಬೀದಿಯವರೆಲ್ಲ ಆತನನ್ನು ಚಾಳೀಸಪ್ಪ ಎಂದೇ ಕರೆಯುತ್ತಿದ್ದರು. ದಿನವಿಡೀ "ಈಗ ಚೆನ್ನಾಗಿ ಕಾಣುತ್ತಾ, ಆಗ ಚೆನ್ನಾಗಿತ್ತಾ?" ಎಂದು ಊರಿನ ಕಣ್ಣುಗಳನ್ನೇ ವಿಚಾರಿಸಿಕೊಂಡಿದ್ದ ಮನುಷ್ಯನಿಗೆ, ತನ್ನ ಕಣ್ಣಿಗೂ ಏನಾದರೂ ಚೆನ್ನಾಗಿರುವುದು ಕಾಣಲಿ ಎನ್ನಿಸಿದ್ದು ತಪ್ಪೇನಲ್ಲ. ಉಪ್ಪು ಅಳೆದು ಕಲಸಿದ, ಮರಳು ಹಾಸಿದ, ಮೈತುಂಬ ತೂತಿರುವ ಕಡಲಿನ ಕಲ್ಲುಗಳನ್ನೇ ತರಿಸಿ ಒಂದರ ಮೇಲೊಂದು ಜೋಡಿಸಿದ. ಆಮೇಲೆ ಮೀನಂಗಡಿಯವನು ಹೇಳಿದ: "ನೀರು ಹದಕ್ಕೆ ಬರೋಕೆ ಒಂದು ತಿಂಗಳು ಬೇಕು. ಅಲ್ಲೀವರೆಗೆ ಮೀನು ಬಿಡೋ ಹಾಗಿಲ್ಲ."

ಹಾಗಾಗಿ ಮನೆಯವರು ಒಂದು ತಿಂಗಳಿಂದ ಕಲ್ಲು ನೋಡುತ್ತಿದ್ದರು. ಪಾಚಿ ತಿನ್ನಲು ನಿನ್ನೆಯಷ್ಟೇ ಬಿಟ್ಟ ನಾಲ್ಕು ಬಸವನಹುಳು ಇದ್ದವು. ಅವೂ ಕಲ್ಲಿನಷ್ಟೇ ಚುರುಕು. "ಭಾವ, ಕಲ್ಲುಗಳಿಗೆ ಹೆಸರಿಟ್ಟಾಯ್ತಾ?" ಎಂದು ಭಾವಮೈದ ದಿನಾ ಕೇಳುತ್ತಿದ್ದ. ಇವತ್ತು ಆ ತಿಂಗಳು ಮುಗಿದಿತ್ತು. ನಾಲ್ಕು ಗಂಟೆಗೆ ಮೀನಂಗಡಿಯವನು ತಾನೇ ಎರಡು ಕಿತ್ತಳೆ ಬಣ್ಣದ ಮೀನು ತರುವವನಿದ್ದ. ಚಾಳೀಸಪ್ಪ ಉತ್ಸಾಹ ತಡೆಯಲಾರದೆ ಇಡೀ ಕಟ್ಟಡದವರನ್ನೇ ನೋಡಲು ಕರೆದುಬಿಟ್ಟಿದ್ದ.

"ಟಕ್!"

"ಕೇಳಿಸ್ತಾ?" ಅಂದರು ಅತ್ತೆ.

"ರೀ, ಜನ ಬರೋದ್ರೊಳಗೆ ಅದೇನು ನೋಡಿ. ಮನೆ ಮುರ್ಕೊಂಡು ಬೀಳೋ ಹಾಗೆ ಸದ್ದು ಮಾಡಿದ್ರೆ ಏನಂದ್ಕೋತಾರೆ?" ಎಂದಳು ಹೆಂಡತಿ.

ಕೆಳಗಿನ ಮನೆಯ ಪ್ಲಂಬರನಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ, ಕರೆಯದೆಯೇ ಬಂದು ಗೋಡೆಗೆ ಕಿವಿಯಿಟ್ಟ. "ಪೈಪಲ್ಲಿ ಗಾಳಿ ಸೇರ್ಕೊಂಡಿದೆ ಸಾರ್. ಇಂಥದ್ದು ಎಷ್ಟು ನೋಡಿಲ್ಲ ನಾನು!" ಎಂದವನೇ, ಬೇಡ ಬೇಡ ಎನ್ನುವಷ್ಟರಲ್ಲಿ ಅತ್ತೆಯ ಕೋಣೆಯ ಗೋಡೆಯ ಮೂರು ಟೈಲ್ಸ್ ಎಬ್ಬಿಸಿದ. ಒಳಗೆ ಪೈಪು ಹಸುಗೂಸಿನಂತೆ ನೆಮ್ಮದಿಯಾಗಿ ಮಲಗಿತ್ತು.

"ಪೈಪ್ ತುಂಬ ಚೆನ್ನಾಗಿದೆ ಸಾರ್. ಸಂತೋಷಪಡಿ" ಎಂದ ಪ್ಲಂಬರು.

"ಟಕ್!" ಎಂದಿತು ಗೋಡೆ.

ಮಧ್ಯಾಹ್ನದ ಹೊತ್ತಿಗೆ ಭಾವಮೈದ ಬಂದ. ಅವನು ಎಲೆಕ್ಟ್ರಿಷಿಯನ್. "ಇವರ ಮಾತು ಕೇಳಿ ಗೋಡೆ ಅಗೆಸಿದ್ರಾ ಭಾವ? ಇದು ವೈರಿಂಗು! ಒಳಗೆ ಕಿಡಿ ಹಾರ್ತಾ ಇದೆ. ಅಮ್ಮನಿಗೆ ಏನಾದ್ರೂ ಆದ್ರೆ?" ಎಂದು ಮೇನ್ ಸ್ವಿಚ್ಚನ್ನೇ ಕೆಳಗೆಳೆದ.

ತೊಟ್ಟಿಯ ಪಂಪು ನಿಂತಿತು. ಚಾಳೀಸಪ್ಪನ ಜೀವವೂ ನಿಂತಂತಾಯಿತು. ಆ ಕಲ್ಲುಗಳ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿವೆ, ನೀರು ಆಡುತ್ತಲೇ ಇರಬೇಕು ಎಂದು ಮೀನಂಗಡಿಯವನು ಹತ್ತು ಸಲ ಹೇಳಿದ್ದ. ಅಡುಗೆಮನೆಗೆ ಓಡಿ ಮರದ ಸೌಟು ತಂದು ಆತ ಸಮುದ್ರ ಕಲಕತೊಡಗಿದ. ಭಾವಮೈದ ಒಂದೊಂದೇ ಸ್ವಿಚ್ ಬೋರ್ಡು ಬಿಚ್ಚುತ್ತ ಹೋದ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಬಲಗೈ ಸೋತು ಎಡಗೈಗೆ ಬಂತು.

ಎದುರುಮನೆಯ ಟೀಚರಮ್ಮ ಹೊತ್ತಿಗೆ ಮುಂಚೆಯೇ ಬಂದು ಬಗ್ಗಿ ನೋಡಿದರು. "ಏನ್ರೀ, ಕಲ್ಲು ಬೆಂತಾ?"

"ಇನ್ನೊಂದು ಕುದಿ ಬರಬೇಕು" ಎಂದರು ಅತ್ತೆ.

"ಟಕ್!"

ಈ ಸಲ ಪಂಪಿನ ಗುರುಗುರು ಇರಲಿಲ್ಲ. ಸದ್ದು ಗೋಡೆಯೊಳಗಿನದಲ್ಲ, ಚಾಳೀಸಪ್ಪನ ಮೂಗಿನ ಮುಂದಿನದು. ಸೌಟಿಗೆ ಯಾರೋ ಗುದ್ದಿದ್ದರು!

ಆತ ಬಗ್ಗಿದ. ಕಲ್ಲಿನ ತೂತಿನ ಬಾಯಲ್ಲಿ ನಾಲ್ಕೂ ಬಸವನಹುಳುಗಳ ಖಾಲಿ ಚಿಪ್ಪು ಚೂರುಚೂರಾಗಿ ಬಿದ್ದಿದ್ದವು. ಅದರ ಹಿಂದೆ, ಸಣ್ಣ ಕಡ್ಡಿಗಳ ಮೇಲೆ ಕೂರಿಸಿದಂಥ ಎರಡು ಕಣ್ಣು. ಒಂದು ಸೌಟನ್ನು ನೋಡುತ್ತಿತ್ತು, ಇನ್ನೊಂದು ಚಾಳೀಸಪ್ಪನನ್ನು. ಇಪ್ಪತ್ತು ವರ್ಷ ಊರಿನ ಕಣ್ಣು ಪರೀಕ್ಷಿಸಿದವನನ್ನು ಇವತ್ತು ಒಂದು ಕಣ್ಣು ಪರೀಕ್ಷಿಸುತ್ತಿತ್ತು. ಆತನಿಗೆ ಸೌಟು ಆಡಿಸುವುದೇ ಮರೆತುಹೋಯಿತು.

ಭಾವಮೈದ ಮುಖ ಗಂಟಿಕ್ಕಿಕೊಂಡು ಕರೆಂಟು ಕೊಟ್ಟ. ನಾಲ್ಕಕ್ಕೆ ಸರಿಯಾಗಿ ಮೀನಂಗಡಿಯವನು ಚೀಲ ಹಿಡಿದು ಬಂದು, ತೂತಿನೊಳಗೆ ಟಾರ್ಚು ಬಿಟ್ಟ. "ಅಯ್ಯಯ್ಯೋ, ಗುದ್ದೋ ಸೀಗಡಿ! ಕಲ್ಲಿನೊಳಗೆ ಕೂತ್ಕೊಂಡೇ ಬಂದಿದೆ. ಚಿಪ್ಪು ಗುದ್ದಿ ಒಡೆದು ತಿನ್ನುತ್ತೆ, ಅದೇ ನಿಮ್ಮ ಸದ್ದು. ಇದಿದ್ರೆ ಮೀನಿನ ಕತೆ ಮುಗೀತು. ತೆಗೀಲೇಬೇಕು."

ಕಲ್ಲನ್ನೆತ್ತಿ ಬಕೆಟ್ಟಿನ ಮೇಲೆ ಹಿಡಿದು ಅಲುಗಾಡಿಸಿದರು. ಹೆಬ್ಬೆರಳುದ್ದದ ಪ್ರಾಣಿ ತೊಪ್ಪೆಂದು ಬಿತ್ತು. ಅದನ್ನು ಅದೇ ಉಪ್ಪುನೀರಿನ ಜೊತೆ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಬಿಟ್ಟು ಮೇಜಿನ ಮೇಲಿಟ್ಟರು. ಕಟ್ಟಡದ ಜನವೆಲ್ಲ ಸೇರಿತು. ಮೀನಿನ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಸ್ವಲ್ಪ ಸ್ವಲ್ಪ ನೀರು ಬೆರೆಸಿ, ಕೊನೆಗೆ ಚಾಳೀಸಪ್ಪ ಉಸಿರು ಬಿಗಿಹಿಡಿದು ಮೀನುಗಳನ್ನು ಬಿಟ್ಟ. ಕಿತ್ತಳೆ ಬಣ್ಣ ಎರಡು ಸಲ ಮಿಂಚಿತು. ಆಮೇಲೆ ಕಲ್ಲು.

"ಬಿಟ್ರಾ?" ಎಂದರು ಟೀಚರಮ್ಮ.

"ಬಿಟ್ಟೆ."

"ಎಲ್ಲಿ?"

"ಕಲ್ಲಿನ ಹಿಂದೆ."

"ಹೊಸ ಜಾಗ, ಹೆದರ್ಕೊಂಡಿರ್ತವೆ. ಎರಡು ದಿನದಲ್ಲಿ ಬರ್ತವೆ" ಎಂದ ಮೀನಂಗಡಿಯವನು.

ಎರಡು ದಿನ ಕಾಯುವ ತಾಳ್ಮೆ ಯಾರಿಗಿತ್ತು? ಮೇಜಿನ ಬಳಿಯಿಂದ ಅತ್ತೆ ಕೂಗಿದರು: "ಬನ್ನಿ ಇಲ್ಲಿ! ಇವನನ್ನ ನೋಡಿ!"

ಡಬ್ಬಿಯಲ್ಲಿ ಸೀಗಡಿ ಮೈಬಿಚ್ಚಿ ನಿಂತಿತ್ತು. ಗಿಣಿಹಸಿರು ಬೆನ್ನು, ಕೆಂಪು ಕಾಲು, ಬಾಲದಲ್ಲಿ ನೀಲಿ ಚುಕ್ಕೆ. ಅತ್ತೆ ಬೆರಳನ್ನು ಬಲಕ್ಕೆ ಸರಿಸಿದರೆ ಒಂದು ಕಣ್ಣು ಬಲಕ್ಕೆ. ಪ್ಲಂಬರು ಎಡಕ್ಕೆ ಸರಿಸಿದರೆ ಇನ್ನೊಂದು ಕಣ್ಣು ಎಡಕ್ಕೆ. "ಟಕ್!" ಎಂದು ಡಬ್ಬಿಗೆ ಒಂದು ಕೊಟ್ಟಿತು ನೋಡಿ, ಚಪ್ಪಾಳೆಯೋ ಚಪ್ಪಾಳೆ.

"ರೀ, ಪಾಪ ಕಣ್ರೀ. ಆ ಡಬ್ಬೀಲಿ ಹೇಗಿರುತ್ತೆ? ತೊಟ್ಟಿಗೇ ಬಿಡಿ" ಎಂದಳು ಹೆಂಡತಿ.

"ಬಿಟ್ರೆ ಮೀನು ವಾಪಸ್ಸು ತಗೊಂಡು ಹೋಗ್ಬೇಕಾಗುತ್ತೆ. ಎರಡೂ ಒಟ್ಟಿಗೆ ಆಗಲ್ಲ" ಎಂದ ಮೀನಂಗಡಿಯವನು.

"ಸೀಗಡಿ ಇರಲಿ ಅನ್ನೋರು ಕೈಯೆತ್ತಿ!" ಎಂದರು ಟೀಚರಮ್ಮ, ತರಗತಿಯಲ್ಲಿ ನಿಂತವರಂತೆ. ನಡುಮನೆಯ ತುಂಬ ಕೈಗಳೆದ್ದವು. ಚಾಳೀಸಪ್ಪ ಸಿಟ್ಟಿನಿಂದ ಎಣಿಸುತ್ತ ಹೋದ. ಹನ್ನೆರಡನೆಯದು ಯಾರದೆಂದು ತಲೆಯೆತ್ತಿ ನೋಡಿದರೆ ಅದು ತನ್ನದೇ ಕೈ.

ಮೀನು ಹಿಡಿಯಲು ಎಲ್ಲ ಕಲ್ಲುಗಳನ್ನೂ ಹೊರಗೆ ತೆಗೆಯಬೇಕಾಯಿತು. ಮೀನುಗಳು ಬಂದ ಚೀಲದಲ್ಲೇ ಹೊರಟವು. ಕಲ್ಲು ಮತ್ತೆ ಜೋಡಿಸಿ ಸೀಗಡಿಯನ್ನು ಬಿಟ್ಟರು. ಅದು ಯಾರತ್ತಲೂ ತಿರುಗಿ ನೋಡದೆ ಎಲ್ಲಕ್ಕಿಂತ ಹಿಂದಿನ ತೂತು ಹೊಕ್ಕು ಕೂತಿತು.

ಮೀನಂಗಡಿಯವನು ಚಪ್ಪಲಿ ಮೆಟ್ಟುತ್ತ, "ಅಂದ ಹಾಗೆ, ಇಷ್ಟು ಕಲಕಿದ್ರಲ್ಲ, ಆ ನೀರು ತಿಳಿಯಾಗೋವರೆಗೆ ಏನೂ ಕಾಣಲ್ಲ. ಮತ್ತೆ ಹದಕ್ಕೆ ಬರೋಕೆ ಒಂದು ತಿಂಗಳು ಹಿಡಿಯುತ್ತೆ" ಎಂದು ಹೇಳಿ ಹೋದ.

ಆದರೂ ಯಾರೂ ಮನೆಗೆ ಹೊರಡಲಿಲ್ಲ. "ಈಗ ಬರ್ತಾನೆ ನೋಡಿ" ಎನ್ನುತ್ತ ಅತ್ತೆ ಮೊದಲ ಕುರ್ಚಿ ಎಳೆದುಕೊಂಡರು. ಟೀಚರಮ್ಮ, ಪ್ಲಂಬರು, ಭಾವಮೈದ, ಹೆಂಡತಿ, ಎಲ್ಲರೂ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದ ಆ ನೀರಿನ ಮುಂದೆ ಸಾಲಾಗಿ ಕೂತರು. ಮನೆಯ ಕುರ್ಚಿಗಳು ಅಲ್ಲಿಗೆ ಮುಗಿದವು. ಚಾಳೀಸಪ್ಪ ಎಲ್ಲರ ಹಿಂದೆ, ಹಿಮ್ಮಡಿಯೆತ್ತಿ ನಿಂತುಕೊಂಡ. ತಲೆಗಳ ಮಧ್ಯದ ಸಂದಿಯಲ್ಲಿ ಆತನಿಗೂ ಒಂದಿಷ್ಟು ಸಮುದ್ರ ಕಾಣುತ್ತಿತ್ತು. ಅಷ್ಟಕ್ಕೇ ಆತನ ಮುಖ ಅರಳಿತ್ತು.