ಹಳದಿ ಮುಖದ ಮೇಲೆ ಇಪ್ಪತ್ತೆಂಟು ಕ್ಲಿಪ್ಪುಗಳು

ಎರಡನೇ ತರಗತಿಯ ಬಾಗಿಲ ಪಕ್ಕದ ಹಲಗೆಯಲ್ಲಿ, ಬಲತುದಿಯಲ್ಲಿ ವಿರಾಜಮಾನರಾಗಿರುವ ಶ್ರೀ ಹಳದಿ ನಗುಮುಖದವರ ಸನ್ನಿಧಿಗೆ,

ಮಾನ್ಯರೇ,

ಅದಕ್ಕೇ ನಾನು ಹೇಳುತ್ತಿದ್ದದ್ದು, ಹಲಗೆಯನ್ನು ಒಂದೇ ಮೊಳೆಗೆ ತೂಗುಹಾಕಿ ಇದ್ದಬದ್ದ ಭಾರವನ್ನೆಲ್ಲ ಒಂದೇ ತುದಿಗೆ ಹೇರಿದರೆ ಅದು ವಾಲದೆ ಇನ್ನೇನು ಮಾಡೀತು ಎಂದು. ನಿನ್ನೆ ಪೋಷಕರ ದಿನದ ಗದ್ದಲದಲ್ಲಿ ತಮ್ಮೆದುರು ನಿಂತು ಇಷ್ಟನ್ನು ನಿವೇದಿಸಿಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯಿತು, ಯಾರದೋ ತಾಯಿ ‘ಪಾಪ, ಗೋಡೆ ಜೊತೆ ಮಾತಾಡ್ತಿದ್ದಾರೆ’ ಎಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು, ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಬರವಣಿಗೆಯಲ್ಲಿ ಒಪ್ಪಿಸುವ ಮೊದಲು ತಮ್ಮ ಎರಡು ಚುಕ್ಕೆ ಕಣ್ಣುಗಳಿಗೂ ಕಿವಿಯಿಂದ ಕಿವಿಗೆ, ಅಂದರೆ ಕಿವಿ ಇದ್ದಿದ್ದರೆ ಅಲ್ಲಿಯವರೆಗೆ, ಹಬ್ಬಿರುವ ಬಾಯಿಗೂ ನನ್ನ ನಮಸ್ಕಾರಗಳು. ಐ ಬೆಗ್ ಟು ಸಬ್ಮಿಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನದು ಮರೆತಿದ್ದೇನೆ, ಆದ್ದರಿಂದ ಕನ್ನಡದಲ್ಲೇ ಮುಂದುವರಿಯುತ್ತೇನೆ.

ಮುಖ್ಯೋಪಾಧ್ಯಾಯಿನಿಯವರಿಗೆ ಬರೆಯದೆ ನೇರವಾಗಿ ತಮಗೇ ಏಕೆ ಬರೆಯುತ್ತಿದ್ದೇನೆಂದರೆ, ಅವರಿಗೆ ಎರಡು ಸಲ ಬರೆದಾಗಲೂ ‘ಹಲಗೆ ಏನು ತೋರಿಸುತ್ತದೋ ಅದರಂತೆ ಕ್ರಮ ಕೈಗೊಳ್ಳಲಾಗುತ್ತದೆ’ ಎಂಬ ಉತ್ತರ ಬಂದಿದೆ. ಅಂದಮೇಲೆ ಶಾಲೆಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ತಮಗೆ ಕೈ ಇಲ್ಲ ಎಂಬುದು ಬೇರೆ ಮಾತು.

ತಮ್ಮ ದರ್ಶನಭಾಗ್ಯ ಸಿಗದ ಓದುಗರಿಗಾಗಿ ಒಂದೆರಡು ವಿವರ ಕೊಡಬೇಕಾಗುತ್ತದೆ, ಬೇಸರಿಸಬಾರದು. ಹಲಗೆಯ ಮೇಲೆ ನಾಲ್ಕು ಮುಖಗಳಿವೆ. ತುಟಿ ಜೋತುಬಿದ್ದ ನೀಲಿ, ಹಲ್ಲು ಕಚ್ಚಿದ ಕೆಂಪು, ಬಾಯಿಯ ಜಾಗದಲ್ಲಿ ಒಂದು ಗೆರೆ ಮಾತ್ರ ಇರುವ ಬೂದು, ಅದರಾಚೆಗೆ ತಾವು. ಬೆಳಿಗ್ಗೆ ಒಳಗೆ ಬರುವ ಪ್ರತಿ ಮಗುವೂ ತನ್ನ ಹೆಸರು ಬರೆದ, ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದನ್ನು ಬುಟ್ಟಿಯಿಂದ ತೆಗೆದು, ತನ್ನ ಮನಸ್ಸು ಹೇಗಿದೆಯೋ ಆ ಮುಖಕ್ಕೆ ಸಿಕ್ಕಿಸಬೇಕು. ಅಷ್ಟೇ. ಇದನ್ನು ಶುರುಮಾಡಿದಾಗ ಭೇಷ್ ಎಂದವರಲ್ಲಿ ನಾನೂ ಒಬ್ಬ.

ನನ್ನ ಮೊಮ್ಮಗಳಿಗೆ ಮನೆಯಲ್ಲಿ ಇರುವೆ ಎಂದು ಹೆಸರು. ಯಾವ ಕೋಣೆಯೊಳಕ್ಕೂ ಬರಿಗೈಲಿ ಬಂದವಳಲ್ಲ, ಗುಂಡಿಯೋ ಎಲೆಯೋ ಪೆನ್ಸಿಲ್ ತುಂಡೋ ಏನಾದರೊಂದನ್ನು ಹೊತ್ತುಕೊಂಡೇ ಬರುತ್ತಾಳೆಂದು ಅವಳ ಅಜ್ಜಿ ಇಟ್ಟ ಹೆಸರದು. ಆ ಅಜ್ಜಿ, ಅಂದರೆ ನನ್ನ ಹೆಂಡತಿ, ಈ ಚಳಿಗಾಲದಲ್ಲಿ ತೀರಿಕೊಂಡಳು. ಅದಾದ ಮೇಲೆ ಇರುವೆ ಪ್ರತಿ ಬೆಳಿಗ್ಗೆ ತನ್ನ ಕ್ಲಿಪ್ಪನ್ನು ನೀಲಿಗೆ ಹಾಕುತ್ತಿದ್ದಳು. ತರಗತಿಯ ಟೀಚರಮ್ಮ ಅದನ್ನು ನೋಡಿ, ಹಾಜರಿ ಕರೆಯುವ ಮೊದಲು ಅವಳನ್ನು ಕಿಟಕಿಯ ಹತ್ತಿರ ಐದು ನಿಮಿಷ ಕೂರಿಸಿಕೊಳ್ಳುತ್ತಿದ್ದರು. ಅಲ್ಲಿ ಏನು ಮಾತಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಊಟದ ಬಿಡುವಿನ ಹೊತ್ತಿಗೆ ಆ ಕ್ಲಿಪ್ಪು ಬೂದು ಮುಖಕ್ಕೆ ಬರುತ್ತಿತ್ತು, ಶಾಲೆ ಬಿಡುವ ಹೊತ್ತಿಗೆ ಕೆಲವು ದಿನ ತಮ್ಮವರೆಗೂ ಬರುತ್ತಿತ್ತು, ಕೆಲವು ದಿನ ಮತ್ತೆ ನೀಲಿಗೇ ಹಿಂತಿರುಗುತ್ತಿತ್ತು. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಒತ್ತಿದವನು. ಹೊರೆ ಇಟ್ಟರೆ ಮುಳ್ಳು ವಾಲಬೇಕು, ಹೊರೆ ತೆಗೆದರೆ ಮುಳ್ಳು ತಾನಾಗಿ ಹಿಂದಕ್ಕೆ ಬರಬೇಕು. ತಕ್ಕಡಿಯ ಧರ್ಮ ಇಷ್ಟೇ. ಅಷ್ಟು ನಿಯತ್ತಿನ ತಕ್ಕಡಿಯನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ಆಮೇಲೆ ವಸಂತ ಬಂತು. ಬರಲಿ, ಅದರ ಮೇಲೆ ನನ್ನ ತಕರಾರಿಲ್ಲ. ಶಾಲೆಯವರು ವಸಂತ ಸಪ್ತಾಹ ಇಟ್ಟುಕೊಂಡರು. ಸೋಮವಾರ ಬೀಜ ಬಿತ್ತುವುದು, ಮಂಗಳವಾರ ಕಾಗದದ ಟೋಪಿ ಹಾಕಿಕೊಂಡು ಮೆರವಣಿಗೆ, ಬುಧವಾರ ಮೂರು ಕಾಲಿನ ಓಟ, ಗುರುವಾರ ಪೋಷಕರ ದಿನ, ಶುಕ್ರವಾರ ಅಂಗಳದಲ್ಲಿ ಹೂಗಿಡ ನೆಡುವುದು. ಎಲ್ಲವೂ ಚೆನ್ನಾಗಿತ್ತು. ಆದರೆ ಮಕ್ಕಳ ಮಾನಸಿಕ ಕ್ಷೇಮ ನೋಡಿಕೊಳ್ಳಲು ಈ ವರ್ಷ ಹೊಸದಾಗಿ ಬಂದಿರುವ ಮೇಡಂ ಒಬ್ಬರಿದ್ದಾರೆ. ಒಳ್ಳೆಯವರು, ಮಾತಾಡುವಾಗ ಅಂಗೈಯನ್ನು ಎದೆಯ ಮೇಲಿಟ್ಟುಕೊಳ್ಳುತ್ತಾರೆ, ನೀರಿನವನ ಜೊತೆ ಮಾತಾಡುವಾಗಲೂ. ಅವರಿಂದ ಒಂದು ಸುತ್ತೋಲೆ ಬಂತು: ಸೋಮವಾರದಿಂದ ಗುರುವಾರದವರೆಗೆ ಯಾವ ತರಗತಿಯ ಹಲಗೆಯ ಮೇಲಿನ ಪ್ರತಿಯೊಂದು ಕ್ಲಿಪ್ಪೂ ಹಳದಿ ಮುಖದ ಮೇಲೆಯೇ ಇರುತ್ತದೋ ಆ ತರಗತಿಗೆ ‘ಅತ್ಯಂತ ಸಂತೋಷದ ತರಗತಿ’ ಎಂಬ ಹಸಿರು ರಿಬ್ಬನ್ನು, ಮತ್ತು ಶುಕ್ರವಾರ ಎಲ್ಲರಿಗಿಂತ ಮೊದಲು ಅಂಗಳಕ್ಕಿಳಿದು ಗಿಡ ನೆಡುವ ಗೌರವ.

ಆ ಸುತ್ತೋಲೆಯನ್ನು ಮೊದಲು ಕನ್ನಡಕ ಹಾಕಿಕೊಂಡು ಓದಿದೆ, ಆಮೇಲೆ ಕನ್ನಡಕ ಒರೆಸಿಕೊಂಡು ಓದಿದೆ. ಎಂಥ ಶೋಧನೆ! ದುಃಖಕ್ಕೆ ಮದ್ದು ಹುಡುಕುತ್ತ ಜಗತ್ತು ಇಷ್ಟು ಕಾಲ ತಲೆ ಕೆಡಿಸಿಕೊಂಡಿತಲ್ಲ, ಒಂದು ಮಾರು ರಿಬ್ಬನ್ನಿನಲ್ಲಿ ಮುಗಿಯುವ ಕೆಲಸ. ನನ್ನ ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಬ್ಬರಿಗೂ ಜ್ವರ ತೋರಿಸದ ವಾರ್ಡಿನ ಥರ್ಮಾಮೀಟರಿಗೆ ನಿಮ್ಮಲ್ಲೂ ಒಂದು ಪದಕ ಇಡಬಾರದೇಕೆ ಎಂದು ಅವಳನ್ನು ಕೇಳಿದೆ. ‘ಅಪ್ಪಾ, ಸುಮ್ನಿರಿ. ನಮ್ಮೋರ ಕಿವಿಗೆ ಬಿದ್ರೆ ಮಾಡೇಬಿಡ್ತಾರೆ’ ಎಂದಳು.

ಸಪ್ತಾಹಕ್ಕೆ ಮೊದಲು ಒಂದು ದಿನ ತಾಲೀಮು ನಡೆಯಿತು. ಸಂತೋಷಕ್ಕೂ ತಾಲೀಮು ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಅಂದೇ ಬೆಳಿಗ್ಗೆ ತರಗತಿಯ ಗಾಜಿನ ತೊಟ್ಟಿಯಲ್ಲಿದ್ದ ಮೀನು ಸತ್ತಿತ್ತು. ಆದರೂ ಇಪ್ಪತ್ತೇಳು ಕ್ಲಿಪ್ಪುಗಳು ತಮ್ಮ ಮೇಲೆ ನಗುನಗುತ್ತ ಕೂತವು, ಒಂದು ಮಾತ್ರ ನೀಲಿಯಲ್ಲಿತ್ತು. ಆ ಒಂದರ ಒಡತಿಯ ಸುತ್ತ ತರಗತಿಯೇ ನೆರೆಯಿತಂತೆ. ‘ಏ ಇರುವೆ, ನಾಲ್ಕೇ ದಿನ ಕಣೇ, ಆಮೇಲೆ ಬೇಕಾದಷ್ಟು ಅಳು’ ಎಂದು ಎರಡು ಜಡೆಯ ಮಾನಿಟರಮ್ಮ ಸ್ಟ್ರಾಬೆರಿ ವಾಸನೆಯ ರಬ್ಬರನ್ನು, ಅದೂ ಅರ್ಧ ಸವೆದದ್ದನ್ನು, ಕೊಡಲು ಬಂದಳಂತೆ. ಸಂಜೆ ನಮ್ಮ ಹುಡುಗಿಯ ಚೀಲದಲ್ಲಿ ಮೇಡಮ್ಮಿನ ಚೀಟಿಯೂ ಇತ್ತು: ‘ಮಗುವನ್ನು ಮನೆಯಲ್ಲಿ ದಯವಿಟ್ಟು ಹುರಿದುಂಬಿಸಿ.’ ಚೀಟಿ ಕೊಟ್ಟು ಅವಳು ಕೇಳಿದಳು, ‘ತಾತ, ಏನ್ ಮಾಡ್ಲಿ?’

ಮಾನ್ಯರೇ, ಇಲ್ಲಿ ನನ್ನ ಅಪರಾಧವನ್ನೂ ದಾಖಲು ಮಾಡದೆ ಹೋದರೆ ಈ ಅರ್ಜಿ ಅರ್ಜಿಯಲ್ಲ. ತಕ್ಕಡಿಯ ತಟ್ಟೆಯನ್ನು ಹೆಬ್ಬೆರಳಿನಲ್ಲಿ ಒತ್ತುವ ಅಂಗಡಿಯವರನ್ನು ಮೂವತ್ತೊಂದು ವರ್ಷ ಕೈಹಿಡಿದು ನಿಲ್ಲಿಸಿದ ನಾನು, ಆವತ್ತು ಅವಳಿಗೆ ಹೇಳಿದ್ದು, ‘ನಾಲ್ಕು ದಿನ ತಾನೆ, ಹಾಕ್ಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?’ ಸಿಕ್ಕಿಬಿದ್ದ ಅಂಗಡಿಯವರೆಲ್ಲ ನನಗೆ ಹೇಳುತ್ತಿದ್ದದ್ದೂ ಅಕ್ಷರಶಃ ಇದನ್ನೇ.

ಸೋಮವಾರ ಶಾಲೆಯಿಂದ ಬಂದವಳನ್ನು ಹೇಗಿತ್ತಮ್ಮ ಎಂದು ಕೇಳಿದೆ. ‘ಹಳದಿ’ ಎಂದಳು. ಸಾಮಾನ್ಯವಾಗಿ ಸಂಜೆ ನಾನು ಒಣಗಿದ ಬಟ್ಟೆ ಮಡಿಸುವಾಗ ಅವಳು ಕಾಲುಚೀಲಗಳ ಜೋಡಿ ಹುಡುಕಿಕೊಡುತ್ತ ಅಜ್ಜಿಯ ಬಗ್ಗೆ ದಿನಕ್ಕೊಂದು ಪ್ರಶ್ನೆ ಕೇಳುವುದು ರೂಢಿ. ಅಜ್ಜಿಗೆ ಈಜು ಬರ್ತಿತ್ತಾ, ಅಜ್ಜಿ ಮೊದಲು ಬೈದದ್ದು ನಿನಗಾ ಅಮ್ಮನಿಗಾ, ಹೀಗೆ. ಸೋಮವಾರ ಪ್ರಶ್ನೆ ಬರಲಿಲ್ಲ. ಮಂಗಳವಾರ ಅವಳ ಕಾಗದದ ಟೋಪಿ ಗಾಳಿಗೆ ಹಾರಿ ಮೂರನೇ ತರಗತಿಯವರ ಕಾಲಡಿ ಸಿಕ್ಕಿ ಚಪ್ಪಟೆಯಾಯಿತು, ಕೇಳಿದರೆ ‘ಹಳದಿ’. ಬುಧವಾರ ಮೂರು ಕಾಲಿನ ಓಟದಲ್ಲಿ ಮುಗ್ಗರಿಸಿ ಎರಡೂ ಮೊಣಕಾಲು ತರಚಿ ರಕ್ತ ಬಂತು. ಶಾಲೆಯ ನರ್ಸಮ್ಮ ಹತ್ತಿ ಒತ್ತುತ್ತ ‘ಉರೀತಿದೆಯಾ ಪುಟ್ಟಾ?’ ಎಂದರೆ, ‘ಇಲ್ಲ ಆಂಟಿ, ಹಳದಿ’ ಎಂದಳು, ಕಣ್ಣಲ್ಲಿ ಒಂದು ಹನಿ ಇಲ್ಲದೆ. ಅವಳನ್ನು ಕರೆದೊಯ್ಯಲು ಬಂದಿದ್ದ ನನ್ನ ಮುಖವನ್ನು ಟೀಚರಮ್ಮ ನೋಡಿದರು. ನಾನು ನೆಲ ನೋಡಿದೆ. ಅವರಾದರೂ ಏನು ಮಾಡಿಯಾರು, ಹಳದಿಗೆ ಕ್ಲಿಪ್ಪು ಹಾಕಿದ ಮಗುವನ್ನು ಯಾವ ನೆಪದಲ್ಲಿ ಕಿಟಕಿಯ ಹತ್ತಿರ ಕರೆಯುವುದು?

ಆ ಸಂಜೆ ನಾನೇ ಶುರುಮಾಡಿದೆ. ‘ನಿಮ್ಮಜ್ಜಿ ಒಂದ್ಸಲ ಬಸ್ಸಲ್ಲಿ ಬೇರೆ ಯಾರದೋ ಮಗುವಿಗೆ ಸ್ವೆಟರ್ ಹಾಕ್ಬಿಟ್ಟಿದ್ಳು, ಗೊತ್ತಾ?’ ಎಂದೆ. ಅವಳು ಕಾಲುಚೀಲದಿಂದ ತಲೆಯೆತ್ತದೆ, ‘ಶುಕ್ರವಾರ ಆಗ್ಲಿ ತಾತ’ ಎಂದಳು.

ಹೆದರಿದೆ, ಮಾನ್ಯರೇ. ಬಹಳ ದಿನ ಒತ್ತಿಹಿಡಿದ ಸ್ಪ್ರಿಂಗು ಬಿಟ್ಟ ಮೇಲೂ ಎದ್ದು ಬರುವುದಿಲ್ಲ, ಅಂಥ ತಕ್ಕಡಿಗಳನ್ನು ನೂರಾರು ಕಂಡಿದ್ದೇನೆ, ಅವುಗಳನ್ನು ರಿಪೇರಿ ಮಾಡಲು ಬರುವುದಿಲ್ಲ, ಇಲಾಖೆಯಲ್ಲಿ ಒಡೆದುಹಾಕುತ್ತಿದ್ದೆವು. ಶುಕ್ರವಾರ ಬಂದರೂ ಈ ಹುಡುಗಿ ಅಜ್ಜಿಯ ಹೆಸರೆತ್ತದೆ ಹೋದರೆ? ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ವಿಷಯ ನನ್ನ ಹತ್ತಿರ ಮಾತಾಡುತ್ತಿದ್ದವಳು ಇವಳೊಬ್ಬಳೇ. ಮಗಳು ಅಳು ಬರುತ್ತದೆಂದು ಎದ್ದುಹೋಗುತ್ತಾಳೆ, ಅಳಿಯ ನನಗೆ ಅಳು ಬರಬಾರದೆಂದು ಟೀವಿ ಹಾಕುತ್ತಾನೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ವಾರಕ್ಕೊಂದು ದಿನ ತಾವು ರಜೆ ಹಾಕಿ ಬಾಯಿಗೆ ವಿಶ್ರಾಂತಿ ಕೊಡಬೇಕು. ಮಳೆಯಲ್ಲಿ, ಪರೀಕ್ಷೆಯಲ್ಲಿ, ಮೀನು ಸತ್ತ ದಿನದಲ್ಲಿ ಒಂದೇ ಸಮ ನಗುವುದು ಸ್ನಾಯುಗಳಿಗೆ ಒಳ್ಳೆಯದಲ್ಲ. ತಾವು ನೀಲಿಯವರ ಜೊತೆ ಒಂದು ತಿಂಗಳ ಮಟ್ಟಿಗೆ ಜಾಗ ಬದಲಾಯಿಸಿಕೊಂಡು, ಅಲ್ಲಿಯ ಕಷ್ಟಸುಖ ವಿಚಾರಿಸಬೇಕು. ಅಳುತ್ತಲೇ ಮೂರು ಕಾಲಿನ ಓಟ ಓಡಲು ಇಷ್ಟವಿರುವವರಿಗಾಗಿ ಐದನೆಯ ಮುಖವೊಂದನ್ನು ಮಂಜೂರು ಮಾಡಿಸಬೇಕು. ಸಮತೋಲದಲ್ಲಿ ಮೂರು ವಿಧ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಸ್ಟೇಬಲ್, ಅನ್‌ಸ್ಟೇಬಲ್, ಮತ್ತಿನ್ನೊಂದು ಏನೋ ಇತ್ತು, ಮಕ್ಕಳು ಸಾಮಾನ್ಯವಾಗಿ ಆ ಇನ್ನೊಂದರಲ್ಲೇ ಇರುತ್ತಾರೆ; ಅದಕ್ಕೂ ತಮ್ಮ ಹಲಗೆಯಲ್ಲಿ ಅಂಗೈಯಗಲ ಜಾಗ ಮಾಡಿಕೊಡಬೇಕು.

ಇನ್ನು ನಿನ್ನೆಯ ಸಂಗತಿ. ತಾವು ಎದುರಿಗೇ ಇದ್ದಿರಿ, ಆದರೂ ಹೇಳುತ್ತೇನೆ. ಮೇಡಂ ಪೋಷಕರೆಲ್ಲರ ಮುಂದೆ ಎಣಿಸಿದರು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ತಮ್ಮ ಮೇಲೆ, ಹಲಗೆ ಬಲಕ್ಕೆ ವಾಲಿತ್ತು, ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಇರುವೆಯ ಕ್ಲಿಪ್ಪನ್ನು ಮುಟ್ಟುವ ಹಕ್ಕು ನನಗಿರಲಿಲ್ಲ, ಅದು ಅವಳದು. ನನ್ನ ಜೇಬಿನಲ್ಲಿ ಮನೆಯ ತಂತಿಯಿಂದ ತಂದ ಒಂದು ಕ್ಲಿಪ್ಪಿತ್ತು. ಅದರ ಮೇಲೆ ‘ತಾತ’ ಎಂದು ಬೆಳಿಗ್ಗೆಯೇ ಬರೆದುಕೊಂಡು ಬಂದಿದ್ದೆ. ಅದನ್ನು ನೀಲಿಗೆ ಸಿಕ್ಕಿಸಿದೆ. ‘ಸರ್, ಅದು ಲೆಕ್ಕಕ್ಕಿಲ್ಲ’ ಎಂದರು ಮೇಡಂ. ಸುತ್ತೋಲೆ ಜೇಬಿನಲ್ಲೇ ಇತ್ತು, ತೆಗೆದು ಓದಿದೆ: ಹಲಗೆಯ ಮೇಲಿನ ಪ್ರತಿಯೊಂದು ಕ್ಲಿಪ್ಪೂ. ಅವರ ಅಂಗೈ ಎದೆಯ ಮೇಲೆಯೇ ಉಳಿಯಿತು. ರಿಬ್ಬನ್ನು ಒಂದನೇ ತರಗತಿಯ ಪಾಲಾಯಿತು.

ಸರಾಸರಿ ಏಳು ವರ್ಷದ ಇಪ್ಪತ್ತೇಳು ವೈರಿಗಳನ್ನು ಸಂಪಾದಿಸಿಕೊಂಡ ಹೆಮ್ಮೆ ಈಗ ನನ್ನದು. ‘ನಿಮ್ ತಾತ ಸರಿ ಇಲ್ಲ ಕಣೇ’ ಎಂದು ಮಾನಿಟರಮ್ಮ ತೀರ್ಪು ಕೊಟ್ಟಳು. ಆ ಮಕ್ಕಳ ಮಟ್ಟಿಗೆ ಅದು ನ್ಯಾಯವೇ, ಅವರ ಮುಖ ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಇರುವೆ ಹಲಗೆಯ ಹತ್ತಿರ ಹೋಗಿ, ತಮ್ಮ ಮೇಲಿದ್ದ ತನ್ನ ಕ್ಲಿಪ್ಪನ್ನು ಕಿತ್ತು, ಕೆಂಪಿಗೆ ಹಾಕಿದಳು. ನನ್ನನ್ನೇ ನೋಡುತ್ತ ಹಾಕಿದಳು. ನಾಲ್ಕು ದಿನದಲ್ಲಿ ಆ ಮುಳ್ಳು ಅಲುಗಿದ್ದು ಅದೇ ಮೊದಲು. ಆಮೇಲೆ ಮನೆಯವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಇವತ್ತು ಅವರ ತರಗತಿ ಎರಡನೆಯದಾಗಿ ಅಂಗಳಕ್ಕಿಳಿದು ಗಿಡ ನೆಟ್ಟಿತು. ಗಿಡಗಳಿಗೆ ಅದರಿಂದ ಅವಮಾನವಾದಂತೆ ಕಾಣಲಿಲ್ಲ. ನಾಲ್ಕು ಗಂಟೆಗೆ ಮನೆಗೆ ಬಂದು, ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ, ನಿನ್ನೆಯಿಂದ ಮೊದಲ ಬಾರಿಗೆ ಬಾಯಿಬಿಟ್ಟಳು. ‘ಅಜ್ಜಿ ಆಗಿದ್ರೆ ಹೀಗ್ ಮಾಡ್ತಿರ್ಲಿಲ್ಲ. ಅಜ್ಜಿಗೆ ಬುದ್ಧಿ ಇತ್ತು. ನಿಂಗಿಲ್ಲ!’ ಆಮೇಲೆ ಅತ್ತಳು. ಮೊಣಕಾಲಿಗೆ, ಟೋಪಿಗೆ, ರಿಬ್ಬನ್ನಿಗೆ, ಅಜ್ಜಿಗೆ, ಎಲ್ಲಕ್ಕೂ ಸೇರಿಸಿ ಅತ್ತಳು, ನಡುನಡುವೆ ಅಜ್ಜಿ ಏನೇನು ಮಾಡುತ್ತಿದ್ದಳು, ನಾನು ಏನೇನು ಮಾಡುವುದಿಲ್ಲ ಎಂಬುದನ್ನು ಪಟ್ಟಿ ಮಾಡಿ ಬೈದಳು. ಅಷ್ಟು ಸುಖವಾಗಿ ನಾನು ಬೈಸಿಕೊಂಡು ತಿಂಗಳುಗಳಾಗಿದ್ದವು.

ಇನ್ನೂ ಬರೆಯುವುದಿತ್ತು, ಕೊನೆಯ ಮೂರು ಬೇಡಿಕೆಗಳು ಹಾಗೇ ಉಳಿದವು. ಆದರೆ ಬೆಳಕು ಇಳಿಯುತ್ತಿದೆ, ಬರೆದ ಸಾಲು ನನಗೇ ಕಾಣುತ್ತಿಲ್ಲ. ಸ್ವಿಚ್ಚು ಕೈಗೆಟಕುವಷ್ಟು ಹತ್ತಿರದಲ್ಲೇ ಇದೆ. ಇರುವೆ ಬಾಗಿಲ ಮೆಟ್ಟಿಲ ಮೇಲೆ ಒಂದೇ ಶೂನಲ್ಲಿ ಕೂತು ಇನ್ನೂ ಬಿಕ್ಕುತ್ತಿದ್ದಾಳೆ. ದೀಪ ಹಾಕಿದರೆ ಮುಖ ಒರೆಸಿಕೊಂಡುಬಿಡುತ್ತಾಳೆ. ಆದ್ದರಿಂದ ಇಲ್ಲಿಗೇ ನಿಲ್ಲಿಸಿ, ಅವಳ ಪಕ್ಕ ಹೋಗಿ ಕೂರುತ್ತೇನೆ.

ಹಲಗೆಯ ಎಡಭಾಗದಿಂದ,
ತಮ್ಮ ವಿಶ್ವಾಸಿ,
ಇಪ್ಪತ್ತೊಂಬತ್ತನೇ ಕ್ಲಿಪ್ಪಿನ ವಾರಸುದಾರ

ತಾಜಾ ಕಲಂ: ಇಂದು ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ ನೋಡಿದೆ, ನನ್ನ ಕ್ಲಿಪ್ಪನ್ನು ಯಾರೋ ನೀಲಿಯಿಂದ ತೆಗೆದು ತಮ್ಮ ಮೇಲೆ ಹಾಕಿದ್ದಾರೆ. ನನ್ನನ್ನು ಸಂತೋಷಪಡಿಸುವ ಮೊದಲು ಅವರು ಒಂದು ಮಾತು ಕೇಳಬಹುದಿತ್ತು. ಸೋಮವಾರ ಬಂದು ಸ್ವಸ್ಥಾನಕ್ಕೆ ಹಾಕುತ್ತೇನೆ. ಅಲ್ಲಿಯವರೆಗೆ ತಾವು ನನ್ನ ಪರವಾಗಿ ಎಷ್ಟು ಬೇಕಾದರೂ ನಗಬಹುದು, ಬೇರೇನು ತಾನೆ ಬರುತ್ತದೆ ತಮಗೆ.